ಯಂಕೋಬನ ಚೊಕ್ಕ ಗೆರೆ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಪ್ಲಗ್ಗಿನ ಮೂರನೇ ತೂತಿಗೆ. ಕೆಳಗಿನ ಎರಡು ತೂತುಗಳಲ್ಲ. ಅವುಗಳ ನೆತ್ತಿಯ ಮೇಲೆ ಒಂಟಿಯಾಗಿ, ಸ್ವಲ್ಪ ದಪ್ಪಗೆ ಕೂತಿರುತ್ತದಲ್ಲ, ಅದು. ಮನೆಯವರು ಕುಡಿಯಲು ನೀರು ತರುವಷ್ಟರಲ್ಲಿ ನಾನು ಅದರ ಯೋಗಕ್ಷೇಮ ವಿಚಾರಿಸಿ ಮುಗಿಸಿರುತ್ತೇನೆ. ಹೆಣ್ಣು ನೋಡಲು ಹೋದ ದಿನವೂ ಹೀಗೇ ಗೋಡೆ ನೋಡುತ್ತ ಕೂತಿದ್ದೆನೆಂದು ನನ್ನ ಹೆಂಡತಿ ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. ಅವಳ ತವರಿನಲ್ಲಿ ಆ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಆದರೂ ಒಪ್ಪಿಕೊಂಡೆ ಎನ್ನುವುದನ್ನು ಮಾತ್ರ ಅವಳು ಹೇಳುವುದಿಲ್ಲ.

ನಮ್ಮ ರಾಯಚೂರಿನ ಕಡೆ ಈ ಮೂರನೇ ತೂತಿಗೆ ಬೇರೆಯೇ ಒಂದು ಉಪಯೋಗವಿದೆ. ಮೊಬೈಲಿನ ಚಾರ್ಜರು ಒಳಗೆ ಹೋಗದೆ ಹಟ ಹಿಡಿದಾಗ ಒಂದು ಹಳೆಯ ರೀಫಿಲ್ಲನ್ನು ಈ ತೂತಿಗೆ ತುರುಕಿದರೆ ಕೆಳಗಿನ ಎರಡು ಬಾಗಿಲು ತೆರೆದುಕೊಂಡು ಚಾರ್ಜರು ಸಲೀಸಾಗಿ ಕೂರುತ್ತದೆ. ಹೀಗೆ ಬಾಗಿಲು ತೆಗೆಯುವ ಆಳಾಗಿ ಅದು ಕಾಲ ಕಳೆಯುತ್ತಿದೆ. ಅದರ ಬೆನ್ನಿಗೆ ಅರ್ಥ್ ಎನ್ನುವ ಒಂದು ಹಸಿರು ತಂತಿ ಇರಬೇಕು, ಆ ತಂತಿ ಗೋಡೆಯೊಳಗಿಂದ ಇಳಿದು ಹಿತ್ತಲಿನ ನೆಲದಲ್ಲಿ ಹೂತಿಟ್ಟ ಕೊಳವೆಯನ್ನು ಮುಟ್ಟಬೇಕು. ಎಷ್ಟೋ ಮನೆಗಳಲ್ಲಿ ಅದು ಒಂದು ಗೇಣು ಹೋಗಿ ಸಿಮೆಂಟಿನಲ್ಲಿ ಮುಗಿದುಹೋಗುತ್ತದೆ. ಒಬ್ಬ ವೈರಿಂಗಿನವನನ್ನು ನಿಲ್ಲಿಸಿ ಯಾಕಪ್ಪಾ ಹೀಗೆ ಎಂದು ಕೇಳಿದ್ದೆ. "ಗ್ವಾಡಿ ಒಳಗ ಯಾರ್ ನೋಡಾಕ ಬರ್ತಾರ್ರಿ?" ಅಂದ. ನಾನು ಬರುತ್ತೇನೆ. ನನ್ನ ಹೊಟ್ಟೆಪಾಡೇ ಅದು.

ನಾನು ಇಸಿಜಿ ಮಷೀನುಗಳನ್ನು ರಿಪೇರಿ ಮಾಡುವವನು. ಸುಗ್ಗಿ ಮುಗಿದ ಮೇಲೆ ಮಾನ್ವಿಯ ರೈಸ್ ಮಿಲ್ಲುಗಳಲ್ಲಿ ಅಕ್ಕಿಯ ಬಣ್ಣ ನೋಡಿ ಕರಿಕಾಳು ಹೊರಗೆ ಹಾಕುವ ಯಂತ್ರಗಳನ್ನೂ ನೋಡುತ್ತೇನೆ. ಎರಡೂ ಬಲು ನಾಜೂಕಿನವು. ಮನುಷ್ಯನ ಎದೆಯಿಂದ ಹೊರಡುವ ಕರೆಂಟು ಎಷ್ಟು ಬಡಕಲೆಂದರೆ, ತಲೆಯ ಮೇಲಿನ ಟ್ಯೂಬ್‌ಲೈಟು, ಪಕ್ಕದ ಗೋಡೆಯೊಳಗಿನ ವೈರು, ಹಿತ್ತಲಿನ ಬೋರ್‌ವೆಲ್ಲಿನ ಮೋಟಾರು ಎಲ್ಲವೂ ಅದಕ್ಕಿಂತ ಗಟ್ಟಿ ಗಂಟಲಿನವು. ಸಂತೆಯ ನಡುವೆ ನಿಂತು ಒಬ್ಬರ ಪಿಸುಮಾತು ಕೇಳಿಸಿಕೊಳ್ಳುವ ಕೆಲಸ ಇದು. ಅದಕ್ಕೆಂದೇ ಕೇಬಲ್ಲಿನ ಮೈತುಂಬ ಕೂದಲೆಳೆಯಂಥ ತಾಮ್ರದ ಜಾಲರಿ ನೇಯ್ದಿರುತ್ತಾರೆ. ಹೊರಗಿನ ಗದ್ದಲವನ್ನೆಲ್ಲ ಆ ಜಾಲರಿ ತನ್ನ ಮೈಮೇಲೆ ಹಾಕಿಕೊಂಡು ಅರ್ಥ್ ತಂತಿಯ ಮೂಲಕ ನೆಲಕ್ಕೆ ಇಳಿಸಬೇಕು. ನೆಲ ಸಿಗದಿದ್ದರೆ ಗದ್ದಲ ಒಳಗೆ ನುಗ್ಗುತ್ತದೆ, ಕಾಗದದ ಮೇಲಿನ ಗೆರೆ ಗಡಗಡ ನಡುಗುತ್ತದೆ. ಆಗ ಡಾಕ್ಟರು ನನಗೆ ಫೋನು ಮಾಡುತ್ತಾರೆ.

ಇದರಲ್ಲೊಂದು ಸೂಕ್ಷ್ಮವಿದೆ, ಹೇಳದೆ ಮುಂದೆ ಹೋದರೆ ನನಗೆ ಸಮಾಧಾನವಿಲ್ಲ. ಆ ಜಾಲರಿಯನ್ನು ಒಂದೇ ತುದಿಯಲ್ಲಿ ನೆಲಕ್ಕೆ ಕಟ್ಟಬೇಕು. ಎರಡೂ ತುದಿ ಕಟ್ಟಿದರೆ ಇನ್ನೂ ಭದ್ರ ಎಂದುಕೊಳ್ಳುವ ಬುದ್ಧಿವಂತರು ಬಹಳ ಮಂದಿ. ಆದರೆ ಎರಡು ಕಡೆಯ ನೆಲ ಎಂದೂ ಒಂದೇ ಸಮ ಇರುವುದಿಲ್ಲ. ಆ ವ್ಯತ್ಯಾಸ ಜಾಲರಿಯೊಳಗೇ ಗಿರಕಿ ಹೊಡೆಯತೊಡಗಿ, ಕಾಯಬೇಕಾದ್ದೇ ಕಾಡುತ್ತದೆ. ಚಿಕ್ಕವನಿದ್ದಾಗ ನಮ್ಮ ಓಣಿಯ ಹಿಟ್ಟಿನ ಗಿರಣಿ ಶುರುವಾದ ಕೂಡಲೆ ಎಲ್ಲರ ಮನೆಯ ರೇಡಿಯೋ ಗೊರಗೊರ ಅನ್ನುತ್ತಿತ್ತು. ಗಿರಣಿಯವನಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು ಎಂದು ನನ್ನ ಅಪ್ಪ ನಂಬಿದ್ದ. ಕಲ್ಲಿದ್ದಲು ಸುಟ್ಟು ಇಡೀ ರಾಜ್ಯಕ್ಕೆ ಕರೆಂಟು ಕಳಿಸುವ ಜಿಲ್ಲೆ ನಮ್ಮದು; ಬಂದ ಕರೆಂಟಿಗೆ ಮರಳಿ ಹೋಗಲು ಎರಡಡಿ ನೆಲ ಮಾಡಿಕೊಡುವುದಕ್ಕೆ ಮಾತ್ರ ನಮಗೆ ಸೋಮಾರಿತನ.

ಇಷ್ಟು ಹಗುರಾಗಿ ಹರಟುತ್ತಿದ್ದೇನೆ, ಆದರೆ ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಈ ಬರಹದಲ್ಲಿ ಒಬ್ಬ ಮನುಷ್ಯ ಸತ್ತಿದ್ದಾನೆ. ಅವನ ಹೆಸರು ಯಂಕೋಬ. ಹದಿನೈದು ವರ್ಷ ನನಗೆ ಅರ್ಥ್ ಕೊಳವೆ ಹೂಳುವ ಗುಂಡಿ ತೋಡಿಕೊಟ್ಟವನು. ಅವನನ್ನು ಉಳಿಸಬಹುದಾದ ಕಾಗದ ನನ್ನ ಕೈಯಲ್ಲಿತ್ತು, ನಾನು ಅದನ್ನು ಚೊಕ್ಕ ಮಾಡಿಬಿಟ್ಟೆ.

ಯಂಕೋಬ ದೇವದುರ್ಗ ತಾಲೂಕಿನ ಮಸರಕಲ್ಲಿನವನು. ನನಗಿಂತ ಆರೇಳು ವರ್ಷ ದೊಡ್ಡವನು. ಅವನ ಕೇರಿ, ನನ್ನ ಕೇರಿ ಬೇರೆ ಬೇರೆ ಊರಲ್ಲಿದ್ದರೂ ಊರಿನ ಒಂದೇ ದಿಕ್ಕಿಗಿದ್ದವು ಎಂದರೆ ನಿಮಗೆ ತಿಳಿಯುತ್ತದೆ. ನನ್ನ ಅಪ್ಪನೂ ಹಾರೆ ಹಿಡಿದವನೇ. ನಾನು ಐಟಿಐ ಓದಿ ಸ್ಕ್ರೂಡ್ರೈವರ್ ಹಿಡಿದೆ, ಇಸ್ತ್ರಿ ಅಂಗಿ ಹಾಕಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ಯಂಕೋಬ ನನ್ನನ್ನು "ತಮ್ಮಾ" ಅನ್ನುತ್ತಿದ್ದ. ದವಾಖಾನೆಯ ಗೇಟು ದಾಟಿದ ಕೂಡಲೆ "ಸಾಹೇಬ್ರ" ಅನ್ನುತ್ತಿದ್ದ. ಹಾಗೆ ಕರೆ ಎಂದು ನಾನು ಎಂದೂ ಹೇಳಿರಲಿಲ್ಲ. ಕರೆಯಬೇಡ ಎಂದೂ ಹೇಳಲಿಲ್ಲ.

ನೆಲದ ಬಗ್ಗೆ ಅವನಿಗಿದ್ದಷ್ಟು ತಿಳಿವಳಿಕೆ ನನ್ನ ಮೀಟರಿಗೂ ಇರಲಿಲ್ಲ. ಮಾನ್ವಿಯ ಕಡೆ ಕಾಲುವೆ ನೀರು ಹರಿದು ನೆಲ ಸದಾ ತೇವ. ಅಲ್ಲಿ ಆರಡಿ ತೋಡಿ ಕೊಳವೆ ಇಳಿಸಿದರೆ ಅರ್ಥ್ ಸಿಕ್ಕಂತೆಯೇ. ದೇವದುರ್ಗದ ಕಡೆ ಮೊದಲೆರಡು ಅಡಿ ಮಣ್ಣು, ಆಮೇಲೆ ಮೊರಂ ಎನ್ನುವ ಗಟ್ಟಿ ಗರಸು, ಆಮೇಲೆ ಕಲ್ಲು. ಎರೆಮಣ್ಣು ಸಿಕ್ಕಲ್ಲಿ ಇನ್ನೊಂದು ತಾಪತ್ರಯ, ಬೇಸಿಗೆಯಲ್ಲಿ ಅದು ಬಿರಿದು ಕೊಳವೆಯ ಕೈಬಿಡುತ್ತದೆ. ಅದಕ್ಕೇ ಗುಂಡಿಯಲ್ಲಿ ಒಂದು ಪದರ ಇದ್ದಿಲು, ಒಂದು ಪದರ ಹರಳುಪ್ಪು ಹೀಗೆ ತುಂಬುತ್ತ ಬರಬೇಕು. ತಿಂಗಳಿಗೆರಡು ಸಲ ನೀರು ಹನಿಸಬೇಕು. ಉಪ್ಪಿನ ವಾಸನೆಗೆ ಊರಿನ ಆಡುಗಳು ಬಂದು ಗುಂಡಿಯ ಬಾಯಿ ನೆಕ್ಕುತ್ತವೆ. ಆಡು ನೆಕ್ಕುವ ಗುಂಡಿ ಜೀವಂತ ಅದ ಎಂದು ಯಂಕೋಬ ಹೇಳುತ್ತಿದ್ದ. ನಾನು ಮೀಟರು ಹಚ್ಚಿ ನೋಡಿದರೆ ಅವನು ಹೇಳಿದ್ದೇ ಸರಿ ಇರುತ್ತಿತ್ತು.

ಮಾನ್ವಿಯ ಒಬ್ಬ ಮಿಲ್ಲಿನ ಸಾಹುಕಾರರು ದೊಡ್ಡ ಶಿವಭಕ್ತರು. ಅವರ ಯಂತ್ರ ಒಂದು ಸೀಸನ್ನು ಪೂರ್ತಿ ಒಳ್ಳೆಯ ಅಕ್ಕಿಯನ್ನೇ ಕರಿಕಾಳೆಂದು ಹೊರಗೆ ಉಗಿಯುತ್ತಿತ್ತು. ದೊಡ್ಡ ಮೋಟಾರಿನ ಗದ್ದಲ ಕೇಬಲ್ಲಿಗೆ ಹತ್ತಿ ಯಂತ್ರಕ್ಕೆ ದೃಷ್ಟಿದೋಷ ಬಂದಿತ್ತು. ಯಂಕೋಬ ಒಂದು ದಿನ ಪೂರ್ತಿ ಗುಂಡಿ ತೋಡಿದ, ನಾನು ಜಾಲರಿಯ ಒಂದು ತುದಿ ಬಿಚ್ಚಿ ಇನ್ನೊಂದು ತುದಿಯನ್ನು ಗುಂಡಿಯ ಕೊಳವೆಗೆ ಕಟ್ಟಿದೆ, ಯಂತ್ರಕ್ಕೆ ಕಣ್ಣು ಬಂತು. ಸಾಹುಕಾರರಿಗೆ ಎಷ್ಟು ಸಂತೋಷವಾಯಿತೆಂದರೆ ಗುಂಡಿಯ ಸುತ್ತ ಪುಟ್ಟ ಕಟ್ಟೆ ಕಟ್ಟಿಸಿ, ಕೊಳವೆಗೆ ವಿಭೂತಿ ಬಳಿದು, ಪ್ರತಿ ಸೋಮವಾರ ಒಂದು ಕೊಡ ನೀರೆರೆಯಲು ಶುರುಮಾಡಿದರು. ನಾನು ಕಂಡ ಗುಂಡಿಗಳಲ್ಲೆಲ್ಲ ಅಷ್ಟು ಚೆನ್ನಾಗಿ ನೀರು ಕುಡಿದ ಗುಂಡಿ ಇನ್ನೊಂದಿಲ್ಲ. ಮರುವರ್ಷ ಹೋದಾಗ ಯಂಕೋಬ ಬೋಲ್ಟು ಬಿಗಿಯಲು ಕಟ್ಟೆ ಹತ್ತಹೋದ. ಮಿಲ್ಲಿನ ಮುನೀಮ ಅಲ್ಲಿಂದಲೇ ಕೂಗಿದ: "ಲೇ, ದೂರ ನಿಂದರು, ಅಲ್ಲಿ ಪೂಜಿ ಆಗೇದ." ಅವನೇ ತೋಡಿದ ಗುಂಡಿ ಅದು. ನಾನು ಕಟ್ಟೆ ಹತ್ತಿ ಬೋಲ್ಟು ಬಿಗಿದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಅಂಗಿಗೆ ಇಸ್ತ್ರಿ ಇತ್ತಲ್ಲ. ಬರುವಾಗ ಬಸ್ಸಿನಲ್ಲಿ ಯಂಕೋಬ ನಗುತ್ತ ಹೇಳಿದ್ದು ಇಷ್ಟೇ: "ಇರ್ಲಿ ಬಿಡು ತಮ್ಮಾ, ನೀರಂತೂ ಹಾಕಾಕತ್ಯಾರ."

ಈಗ ನಮ್ಮ ಕೆಲಸದ ಒಂದು ಪದ್ಧತಿಯನ್ನು ಹೇಳಬೇಕು. ಇಸಿಜಿ ಮಷೀನು ರಿಪೇರಿಯಾದ ಮೇಲೆ ಪರೀಕ್ಷೆ ಮಾಡಲು ಸುಳ್ಳು ಹೃದಯದ ಒಂದು ಪೆಟ್ಟಿಗೆ ಬರುತ್ತದೆ. ನನ್ನದು ಕೆಟ್ಟು ಎಷ್ಟೋ ವರ್ಷವಾಯಿತು. ರಿಪೇರಿ ಮಾಡುವವರ ಮನೆಯ ಸಾಮಾನು ಎಂದೂ ರಿಪೇರಿಯಾಗುವುದಿಲ್ಲ. ಹಾಗಾಗಿ ಹತ್ತಿರ ಇರುವ ಯಾರಾದರೂ ಒಬ್ಬರನ್ನು ಮಂಚದ ಮೇಲೆ ಮಲಗಿಸಿ, ಎದೆಗೆ ಬಟ್ಟಲು ಹಚ್ಚಿ, ಕೈಕಾಲಿಗೆ ಕ್ಲಿಪ್ಪು ಹಾಕಿ ಗೆರೆ ತೆಗೆದು ನೋಡುತ್ತೇವೆ. ಹತ್ತಿರ ಇರುವವನು ಯಾವಾಗಲೂ ಯಂಕೋಬನೇ. ಗುಂಡಿ ಮುಚ್ಚಿ, ಕೈಕಾಲು ತೊಳೆದುಕೊಂಡು, ತಲೆಗೆ ಸುತ್ತಿದ್ದ ಟವೆಲ್ಲನ್ನು ಮಂಚದ ಮೇಲೆ ಹಾಸಿ ಮಲಗುತ್ತಿದ್ದ. ಬೇರೆ ಯಾವ ನೆವದಿಂದಲೂ ಅವನಿಗೆ ಆ ಮಂಚದ ಮೇಲೆ ಮಲಗುವ ಯೋಗ ಇರಲಿಲ್ಲ. ನಾಲ್ಕು ನಿಮಿಷ ಫ್ಯಾನಿನ ಕೆಳಗೆ ಕಣ್ಣುಮುಚ್ಚಿ, ಸುಖವಾಗಿ.

ಕಾಗದ ಹೊರಗೆ ಬರುತ್ತಿದ್ದಂತೆ ಕೇಳುತ್ತಿದ್ದ: "ಚೊಕ್ಕ ಬಂತೇನ್ರಿ ಗೆರಿ?"

"ಬಂತು ನೋಡು, ಮಲ್ಲಿಗಿ ಹಂಗ."

ಆ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದ. ಅದು ಅವನಿಗೆ ತನ್ನ ಗುಂಡಿಯ ಸರ್ಟಿಫಿಕೇಟು. ನನಗೂ ಅಷ್ಟೇ. ನೀವು ನಂಬಬೇಕು, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅದು ಒಬ್ಬ ಮನುಷ್ಯನ ಎದೆಯ ಗೆರೆ ಎಂದು ನನಗೆ ಅನಿಸಿರಲಿಲ್ಲ. ನಾನು ನೋಡುತ್ತಿದ್ದದ್ದು ತಳದ ಗೆರೆಯನ್ನು. ಅದು ನಡುಗಬಾರದು, ಏಳಬಾರದು, ಇಳಿಯಬಾರದು. ಮೇಲಿನ ಚೂಪು ಗೋಪುರಗಳು ಡಾಕ್ಟರಿಗೆ ಸಂಬಂಧಿಸಿದ್ದು.

ಹೋದ ಬೇಸಿಗೆಯಲ್ಲಿ ದೇವದುರ್ಗದ ಒಂದು ಸಣ್ಣ ಖಾಸಗಿ ದವಾಖಾನೆಯಿಂದ ಫೋನು ಬಂತು. ಗೆರೆ ನಡುಗುತ್ತಿದೆ, ಬಂದು ನೋಡಿ. ನಾನು ರಾಯಚೂರಿನಿಂದ ಹೊರಟೆ, ಯಂಕೋಬ ಮಸರಕಲ್ಲಿನಿಂದ ಬಂದ. ಡಾಕ್ಟರು ಊರಲ್ಲಿರಲಿಲ್ಲ, ಏನೋ ಮೀಟಿಂಗಿಗೆ ಹೋಗಿದ್ದರು. ಇದ್ದವರು ಶರಣಮ್ಮ ಸಿಸ್ಟರ್ ಒಬ್ಬರೇ. ಹಿತ್ತಲಿನ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ಒಂದು ಆಡೂ ಅತ್ತ ಸುಳಿದಿರಲಿಲ್ಲ. ಉಪ್ಪು ಹಾಕಿಸಿದೆ, ಎರಡು ಕೊಡ ನೀರು ಹೊಯ್ಯಿಸಿದೆ, ಕೇಬಲ್ಲು ಬದಲಿಸಿದೆ. ಯಂಕೋಬ ಮಲಗಿದ. ಗೆರೆಯ ಮೇಲಿನ ಸಣ್ಣ ಕೂದಲಿನಂಥ ನಡುಕ ಮುಕ್ಕಾಲು ಹೋಗಿತ್ತು. ಆದರೆ ಗೋಪುರ ಗೋಪುರಗಳ ನಡುವೆ ತಳದ ಗೆರೆ ಇನ್ನೂ ಅದುರುತ್ತಿತ್ತು, ಒಂದು ಕ್ರಮವಿಲ್ಲದೆ, ಸಣ್ಣಗೆ. ಅಂಥ ನಡುಕವನ್ನು ನಾನು ಮೊದಲು ಕಂಡಿರಲಿಲ್ಲ. ಕಂಡಿಲ್ಲದ್ದಕ್ಕೂ ನನ್ನ ಹತ್ತಿರ ಒಂದೇ ಹೆಸರಿತ್ತು.

"ಗುಂಡಿ ಆಳ ಸಾಲವಲ್ದು ಯಂಕೋಬಣ್ಣ. ಇನ್ನೆರಡಡಿ ಇಳೀಬೇಕು."

ಅವನು ಮೇಲೆದ್ದು ಹೊರಗೆ ಹೋದ. ಬಿಸಿಲು ನೆತ್ತಿಯ ಮೇಲಿತ್ತು. ತುಂಬಿದ ಉಪ್ಪು, ಇದ್ದಿಲು ಎಲ್ಲ ಹೊರಗೆ ತೆಗೆದು, ಹಾರೆಯಿಂದ ಮೊರಂ ಕುಟ್ಟತೊಡಗಿದ. ಅವನಿಗೆ ಅದು ದೊಡ್ಡ ಕೆಲಸವಲ್ಲ. ಅವತ್ತು ಮಾತ್ರ ಹತ್ತು ಏಟಿಗೊಮ್ಮೆ ನಿಂತ. ಮೂರು ಸಲ ಗುಂಡಿಯ ಅಂಚಿಗೆ ಕೂತ. ನಾನು ಕಿಟಕಿಯಿಂದ ನೋಡಿ "ಏನಪಾ, ಮದುಮಗ ಆಗಿಯೇನು?" ಎಂದು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತ.

"ತಮ್ಮಾ, ಯಾಕೋ ಎದಿಯಾಗ ಗುಬ್ಬಿ ಸಿಕ್ಕೊಂಡಂಗ ಆಗಾಕತ್ತದ. ಪಟಪಟ ಅಂತದ."

ಈ ಮಾತನ್ನು ಬರೆಯುವುದು ನನಗೆ ಕಷ್ಟವಾಗುತ್ತಿದೆ. ಯಾಕೆಂದರೆ ಆಗ ನನ್ನ ಕಿವಿಗೆ ಬಿದ್ದದ್ದು ಎದೆಯ ಗುಬ್ಬಿಯಲ್ಲ, "ತಮ್ಮಾ" ಎನ್ನುವ ಮಾತು. ಗೇಟಿನ ಒಳಗೆ, ಸಿಸ್ಟರ್ ಮುಂದೆ, ಹದಿನೈದು ವರ್ಷದಲ್ಲಿ ಮೊದಲ ಸಲ ಅವನು ಹಾಗೆ ಕರೆದಿದ್ದ. ನನಗೆ ನಾಚಿಕೆಯಾಯಿತು. ಸಿಸ್ಟರ್ ಏನಾದರೂ ಅಂದುಕೊಂಡರೇನೋ ಎಂದು ಓರೆಗಣ್ಣಿನಿಂದ ನೋಡಿದೆ. ಆಮೇಲೆ ಸ್ವಲ್ಪ ಬಿಗಿಯಾಗಿಯೇ "ಬಿಸಿಲ ಹತ್ಯದ. ಮಜ್ಜಿಗಿ ಕುಡದು ಬಾ, ಹೋಗು" ಅಂದೆ. ಅವನು "ಹೌದ್ರಿ ಸಾಹೇಬ್ರ" ಎಂದು ಹೋಗಿ ಉಳಿದ ಗುಂಡಿ ಮುಗಿಸಿದ.

ಮತ್ತೆ ಮಲಗಿಸಿದೆ. ಮೈಯೆಲ್ಲ ಬೆವರು, ಬಟ್ಟಲುಗಳು ಜಾರುತ್ತಿದ್ದವು. ಸಿಸ್ಟರ್ ಹತ್ತಿಯಿಂದ ಒರೆಸಿ ಒರೆಸಿ ಹಚ್ಚಿದರು. ಗೆರೆ ಇನ್ನೂ ಹಾಗೇ. ಮಷೀನು ಪ್ರತಿ ಬಡಿತಕ್ಕೊಮ್ಮೆ ಟಿಕ್ ಅನ್ನುತ್ತದೆ. ಶರಣಮ್ಮ ಸಿಸ್ಟರ್ ತಲೆ ವಾರೆ ಮಾಡಿ ಕೇಳುತ್ತ ನಿಂತಿದ್ದರು.

"ಸರ್, ಟಿಕ್ ಟಿಕ್ ಒಂದ್ ಸಮ ಬರವಲ್ದಲ್ರಿ?"

"ಅದೂ ಅರ್ಥಿಂಗಿಂದೇ ಸಿಸ್ಟರ್. ನೆಲ ಹಸಿ ಹಿಡಿಯೂತನ ಹಂಗ" ಅಂದೆ.

ಅದೆಷ್ಟು ಸುಳ್ಳೆಂದರೆ, ಅರ್ಥಿಂಗಿಗೂ ಟಿಕ್ ಟಿಕ್ಕಿಗೂ ಅಂಥ ಸಂಬಂಧವಿಲ್ಲವೆಂದು ಐಟಿಐ ಹುಡುಗನೂ ಹೇಳಬಲ್ಲ. ಗೋಡೆಯ ಕರೆಂಟು ಗೆರೆಗೆ ಕೂದಲು ಹಚ್ಚುತ್ತದೆ. ಗೋಪುರಗಳನ್ನು ಎತ್ತಿ ಅತ್ತಿತ್ತ ಇಡುವುದಿಲ್ಲ. ಆದರೆ ನನಗೆ ನಾಲ್ಕೂವರೆಯ ಬಸ್ಸಿತ್ತು, ಅಹಂಕಾರವೂ ಇತ್ತು. ಇಪ್ಪತ್ತೈದು ವರ್ಷದಿಂದ ಎಲ್ಲ ನಡುಕವನ್ನೂ ನೆಲಕ್ಕೇ ಹೊರಿಸಿದವನು ನಾನು, ಪ್ರತಿ ಸಲವೂ ನೆಲ ಒಪ್ಪಿಕೊಂಡಿತ್ತು. ಮಷೀನಿನಲ್ಲಿ ಫಿಲ್ಟರ್ ಎಂಬ ಎರಡು ಗುಂಡಿಗಳಿರುತ್ತವೆ. ಗೆರೆಗೆ ಇಸ್ತ್ರಿ ಹಾಕುವ ಗುಂಡಿಗಳು. ಸಾಮಾನ್ಯವಾಗಿ ನಾನು ಅವುಗಳನ್ನು ಮುಟ್ಟುವುದಿಲ್ಲ, ಅದು ಕೆಲಸಗಳ್ಳರ ದಾರಿ ಎಂದು ಬೇರೆಯವರಿಗೆ ಉಪದೇಶವನ್ನೂ ಮಾಡಿದ್ದೇನೆ. ಅವತ್ತು ಎರಡನ್ನೂ ಒತ್ತಿದೆ. ಗೆರೆ ಸುಮಾರಾಗಿ ಚೊಕ್ಕ ಬಂತು. ಚೀಟಿ ಹರಿದು ಯಂಕೋಬನ ಕೈಗೆ ಕೊಟ್ಟೆ. ರಜಿಸ್ಟರಿನಲ್ಲಿ "ಅರ್ಥಿಂಗ್ ದೋಷ, ಸರಿಪಡಿಸಲಾಗಿದೆ" ಎಂದು ಬರೆದು ಸಹಿ ಹಾಕಿದೆ.

ಮೂರು ವಾರಕ್ಕೆ ಯಂಕೋಬನ ಮಗಳು ಫೋನು ಮಾಡಿದಳು. ಜಾಲಹಳ್ಳಿಯಲ್ಲಿ ಶಾಲೆಯ ಟೀಚರು ಅವಳು. ಅಪ್ಪನ ಬಲಗೈ ಬಿದ್ದುಹೋಗಿದೆ, ಮಾತು ನಿಂತಿದೆ, ರಾಯಚೂರಿನ ಆಸ್ಪತ್ರೆಗೆ ತರುತ್ತಿದ್ದೇವೆ. ನಾನು ಅವರಿಗಿಂತ ಮೊದಲೇ ಹೋಗಿ ನಿಂತಿದ್ದೆ. ಒಬ್ಬ ಎಳೆವಯಸ್ಸಿನ ಡಾಕ್ಟರು ಯಂಕೋಬನಿಗೆ ಇಸಿಜಿ ಹಚ್ಚಿದರು. ಕಾಗದ ಹೊರಗೆ ಬಂತು. ಅದೇ ಗೆರೆ, ಅದೇ ಅದುರು. ನಾನೇನು ಮಾಡಿದೆ ಗೊತ್ತೆ? ಬಗ್ಗಿ, ಮಂಚದ ಕೆಳಗೆ ತೂರಿ, ಮಷೀನಿನ ಪ್ಲಗ್ಗು ನೋಡತೊಡಗಿದೆ.

"ಏನ್ ಹುಡುಕ್ತಿದ್ದೀರಿ?" ಎಂದರು ಡಾಕ್ಟರು.

"ಅರ್ಥಿಂಗ್ ನೋಡ್ತಿದ್ದೆ ಸರ್."

"ಮಷೀನು ಸರಿಯಾಗಿದೆ. ಮೇಲೇಳಿ."

ಅವರು ಒಳ್ಳೆಯವರು, ಬಿಡಿಸಿ ಹೇಳಿದರು. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಬರೀ ಅದುರುತ್ತಿವೆ. ಅದುರಿದರೆ ರಕ್ತ ಮುಂದೆ ಹೋಗದೆ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಅದರ ಒಂದು ಚೂರು ಮೆದುಳಿಗೆ ಹೋಗಿದೆ. ಮೊದಲೇ ತಿಳಿದಿದ್ದರೆ ಹೆಪ್ಪುಗಟ್ಟದಂತೆ ಗುಳಿಗೆ ಕೊಡಬಹುದಿತ್ತು. ಆಮೇಲೆ ಮಗಳ ಕಡೆ ತಿರುಗಿ ಕೇಳಿದರು, "ಇದಕ್ಕೆ ಮುಂಚೆ ಇವರಿಗೆ ಯಾವತ್ತಾದರೂ ಇಸಿಜಿ ಮಾಡಿಸಿದ್ರಾ?"

ಮಗಳು ನನ್ನ ಮುಖ ನೋಡಿದಳು. ಮೂರು ತಾಲೂಕುಗಳಲ್ಲಿ ಯಾವ ಸಾಹುಕಾರನಿಗೂ ಯಂಕೋಬನಷ್ಟು ಸಲ ಇಸಿಜಿ ಆಗಿರಲಿಕ್ಕಿಲ್ಲ. ಅದರಲ್ಲಿ ಒಂದನ್ನೂ ಯಾವ ಡಾಕ್ಟರೂ ನೋಡಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿದೆ. ಅಲ್ಲಿ ಪ್ಲಗ್ಗು ಇತ್ತು.

ಒಂಬತ್ತು ದಿನ ಇದ್ದ. ಎಡಗೈಯಿಂದ ನನ್ನ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಮಾತು ಬರುತ್ತಿರಲಿಲ್ಲ. ತಮ್ಮಾ ಅನ್ನುತ್ತಿದ್ದನೋ ಸಾಹೇಬ್ರ ಅನ್ನುತ್ತಿದ್ದನೋ ನನಗೆ ಕೊನೆಗೂ ತಿಳಿಯಲಿಲ್ಲ.

ಮಣ್ಣು ಮಾಡಿ, ದಿನಗಳೆಲ್ಲ ಮುಗಿದ ಮೇಲೆ ಮಸರಕಲ್ಲಿಗೆ ಹೋದೆ. ಅವನ ಹೆಂಡತಿ ಹುಲಿಗೆಮ್ಮ ಚಹಾ ಕೊಟ್ಟು, ಮಗಳು ತಂದು ಹಾಕಿದ್ದ ಬುದ್ಧನ ಪಟದ ಹಿಂದೆ ಕೈ ಹಾಕಿ ಒಂದು ಕಟ್ಟು ತೆಗೆದಳು. ಚೀಟಿಗಳು. ಹದಿನೈದು ವರ್ಷದ ಚೀಟಿಗಳನ್ನು ಯಂಕೋಬ ಒಂದೂ ಬಿಡದೆ ಜೋಡಿಸಿ, ದಾರ ಕಟ್ಟಿ ಇಟ್ಟಿದ್ದ. ಆ ಕಾಗದದ ಅಕ್ಷರ ಬಹಳ ದಿನ ಬಾಳುವುದಿಲ್ಲ. ಹಳೆಯವು ಬಿಳಿಚಿ ಬರೀ ಗುಲಾಬಿ ಚೌಕಗಳಷ್ಟೇ ಉಳಿದಿದ್ದವು. ಈಚಿನವು ಕಾಣುತ್ತಿದ್ದವು. ನಾನು ಅವುಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದೆ. ಒಂದು ಗೋಪುರದಿಂದ ಇನ್ನೊಂದಕ್ಕೆ ಎಷ್ಟು ಚೌಕ ಎಂದು ಬೆರಳಿಟ್ಟು ಎಣಿಸಿದೆ, ಜೀವನದಲ್ಲಿ ಮೊದಲ ಸಲ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಮುಂದಿನ ಚೀಟಿಯೂ ಹಾಗೇ. ಒಂದು ವರ್ಷದ ಹಿಂದಿನದಕ್ಕೆ ಬಂದೆ: ಹದಿನೈದು, ಇಪ್ಪತ್ತಾರು, ಹನ್ನೆರಡು, ಹತ್ತೊಂಬತ್ತು. ತಳದ ಗೆರೆ ಮಾತ್ರ ಅದರಲ್ಲಿ ಎಷ್ಟು ಚೊಕ್ಕಾಗಿತ್ತೆಂದರೆ ಯಾರೂ ಹೆಸರಿಡುವಂತಿರಲಿಲ್ಲ. ಒಂದು ವರ್ಷ ಮೊದಲೇ ಅವನ ಎದೆ ನನಗೆ ಹೇಳಿತ್ತು. ನಾನು ಅದನ್ನು ಹರಿದು, ಮಡಚಿ, ಮಲ್ಲಿಗಿ ಹಂಗ ಬಂದದ ಎಂದು ಅವನ ಕೈಗೇ ಕೊಟ್ಟಿದ್ದೆ.

"ಎಲ್ಲಾ ಚೊಕ್ಕ ಬಂದಾವಲ್ಲ ತಮ್ಮಾ?" ಎಂದು ಕೇಳಿದಳು ಹುಲಿಗೆಮ್ಮ.

ಹೌದು ಎಂದುಬಿಡಬಹುದಿತ್ತು. ಆಕೆಗೆ ಓದು ಬರುವುದಿಲ್ಲ, ಮಗಳು ಒಳಗಿದ್ದಳು. ಸುಳ್ಳು ಬಾಯಿಯ ತನಕ ಬಂತು. ಆಮೇಲೆ ಎಲ್ಲವನ್ನೂ ಹೇಳಿದೆ. ಗುಬ್ಬಿಯ ಮಾತು, ಬಿಸಿಲಿನಲ್ಲಿ ಎರಡಡಿ ತೋಡಿಸಿದ್ದು, ಸಿಸ್ಟರ್ ಬಾಯಿ ಮುಚ್ಚಿಸಿದ್ದು, ಗುಂಡಿ ಒತ್ತಿ ಗೆರೆ ನಯ ಮಾಡಿದ್ದು. ಹೇಳುತ್ತ ಅತ್ತೆ. ಆಕೆ ಅಳಲಿಲ್ಲ. ಚೀಟಿಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಜೋಡಿಸುತ್ತ ಕೂತಿದ್ದಳು.

"ಅವತ್ತ ಮನಿಗಿ ಬಂದು ಎದಿ ಪಟಪಟ ಅಂತದ ಅಂದಾ. ನಾಳಿ ದೊಡ್ಡ ದವಾಖಾನಿಗಿ ಹೋಗೂನು ನಡಿ ಅಂದೆ. ಈ ಚೀಟಿ ತೋರ್ಸಿದಾ. ತಮ್ಮ ಈಗ ನೋಡಿ ಕೊಟ್ಟಾನ, ಗೆರಿ ಚೊಕ್ಕ ಅದ, ಮತ್ಯಾಕ ಸುಮ್ನ ಅಂದಾ. ನಾನೂ ಹೌದಂದೆ."

ಬೈದಿದ್ದರೆ ಸುಖವಿತ್ತು. ಆಕೆ ಚೀಟಿಗಳಿಗೆ ದಾರ ಕಟ್ಟಿ ಪಟದ ಹಿಂದೆ ಇಟ್ಟಳು. ನಾನು ಹೊರಡುವಾಗ ಬಾಗಿಲ ತನಕ ಬಂದು, "ಹುಷಾರ ಹೋಗು ತಮ್ಮಾ" ಅಂದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು, ಯಾರೋ ಬಂದು ಕೂತರು.

ಈಗಲೂ ನಾನು ಅದೇ ಕೆಲಸ ಮಾಡುತ್ತೇನೆ, ಬೇರೆ ಬರುವುದಿಲ್ಲ. ಗೆರೆಗಳು ನಡುಗುತ್ತವೆ, ನಾನು ಹೋಗುತ್ತೇನೆ, ಹತ್ತರಲ್ಲಿ ಒಂಬತ್ತು ಸಲ ತಪ್ಪು ನೆಲದ್ದೇ ಆಗಿರುತ್ತದೆ. ಆ ಒಂಬತ್ತೇ ನನ್ನನ್ನು ಕೆಡಿಸಿದ್ದು ಎಂದು ಈಗ ತೋರುತ್ತದೆ. ಗದ್ದಲವನ್ನು ಹೊರಗಿಡುವುದೇ ನನ್ನ ಕಸುಬು. ಯಾವುದು ಗದ್ದಲ, ಯಾವುದು ಮಾತು ಎಂದು ಮೊದಲು ಕೇಳಿಸಿಕೊಳ್ಳಬೇಕಿತ್ತು. ಅದನ್ನು ನನಗೆ ಯಾವ ಐಟಿಐಯಲ್ಲೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಟ್ಟಿದ್ದರೂ ಕಲಿಯುತ್ತಿದ್ದೆನೋ ಇಲ್ಲವೋ. ಶರಣಮ್ಮ ಸಿಸ್ಟರಿಗೆ ಮೊದಲ ಸಲಕ್ಕೇ ಕೇಳಿಸಿತ್ತು.

ಸುಳ್ಳು ಹೃದಯದ ಪೆಟ್ಟಿಗೆಯನ್ನು ನಾನು ಇನ್ನೂ ರಿಪೇರಿ ಮಾಡಿಲ್ಲ. ಪರೀಕ್ಷೆಗೆ ನಾನೇ ಮಲಗುತ್ತೇನೆ. ಮೊನ್ನೆ ದೇವದುರ್ಗದ ಅದೇ ದವಾಖಾನೆಗೆ ಹೋಗಿದ್ದೆ. ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಯಂಕೋಬ ಮಲಗುತ್ತಿದ್ದ ಮಂಚದ ಮೇಲೆ ಮಲಗಿದೆ. ಫ್ಯಾನಿನ ಗಾಳಿ ನಿಜಕ್ಕೂ ಸುಖವಾಗಿತ್ತು. ಸಿಸ್ಟರ್ ಬಟ್ಟಲು ಹಚ್ಚಿದರು. ಕಾಗದ ಸರಸರ ಹೊರಗೆ ಬಂತು. ನಾನು ಅತ್ತ ತಿರುಗಲಿಲ್ಲ.

"ಸಿಸ್ಟರ್, ಟಿಕ್ ಟಿಕ್ ಒಂದ್ ಸಮ ಬರಾಕತ್ತದೇನ್ರಿ?"

ಅವರು ತಲೆ ವಾರೆ ಮಾಡಿ, ಬಹಳ ಹೊತ್ತು ಕೇಳಿದರು. ಅಷ್ಟು ಹೊತ್ತೂ ನಾನು ಕಣ್ಣುಮುಚ್ಚಿ ಕಾದೆ.

"ಬರಾಕತ್ತದ್ರಿ" ಅಂದರು.

ಎದ್ದು ಅಂಗಿ ಹಾಕಿಕೊಂಡು ಹಿತ್ತಲಿಗೆ ಹೋದೆ. ಯಂಕೋಬ ಇಳಿದು ತೋಡಿದ ಆ ಎರಡಡಿಯಿಂದ ಗುಂಡಿ ಇನ್ನೂ ತೇವ ಹಿಡಿದಿತ್ತು. ಎರಡು ಆಡು ಅದರ ಬಾಯಿ ನೆಕ್ಕುತ್ತ ನಿಂತಿದ್ದವು. ಅವನ್ನು ಓಡಿಸದೆ, ಪಕ್ಕದಲ್ಲೇ ಬಗ್ಗಿ ಒಂದು ಕೊಡ ನೀರು ಹಾಕಿ ಬಂದೆ.